ತರಬೇತಿಯಲ್ಲಿ ಲೋಪವಿಲ್ಲ, ಸೂಜಿ ಮಾತ್ರ ಚುಚ್ಚಿದೆ

ಆಸ್ಪತ್ರೆಯ ಸಿಬ್ಬಂದಿ ತರಬೇತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೊಳೆ ಬಟ್ಟೆ ವಿಂಗಡಿಸುತ್ತಿದ್ದ ನನ್ನ ಅಕ್ಕನ ಮಗಳ ಅಂಗೈಗೆ ಸೂಜಿ ಚುಚ್ಚಿ ಇಂದಿಗೆ ಹತ್ತೊಂಬತ್ತು ದಿನ. ಅದು ಯಾವ ರೋಗಿಗೆ ಚುಚ್ಚಿದ ಸೂಜಿಯೋ ಈವರೆಗೆ ಯಾರಿಗೂ ಗೊತ್ತಿಲ್ಲ. ತಪ್ಪು ಯಾರದೆಂಬುದು ಮಾತ್ರ ತಮ್ಮ ವಿಭಾಗಕ್ಕೆ ಎರಡೇ ದಿನದಲ್ಲಿ ಗೊತ್ತಾಯಿತು. ‘ಸದರಿ ಸಿಬ್ಬಂದಿಯು ಸುರಕ್ಷತಾ ತರಬೇತಿಯನ್ನು ತೊಂಬತ್ತಾರು ಅಂಕಗಳೊಂದಿಗೆ ಪೂರೈಸಿರುತ್ತಾರೆ. ತರಬೇತಿಯಲ್ಲಿ ಯಾವುದೇ ಲೋಪ ಕಂಡುಬಂದಿರುವುದಿಲ್ಲ. ಅಜಾಗರೂಕತೆಯೇ ಘಟನೆಗೆ ಕಾರಣ.’ ತರಬೇತಿ ಕೊಟ್ಟ ಕೃತಕ ಬುದ್ಧಿಮತ್ತೆಯೇ ಈ ವರದಿಯನ್ನೂ ಬರೆದುಕೊಟ್ಟಿತಂತೆ, ತಾವು ಸಹಿ ಹಾಕಿದಿರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಈಗ ಅವಳನ್ನು ಕೆಲಸದಿಂದ ತೆಗೆಯುವ ನೋಟಿಸು ಬಂದಿದೆ. ಇನ್ನೂ ತಿಂಗಳುಗಟ್ಟಲೆ ನಡೆಯಬೇಕಾದ ರಕ್ತಪರೀಕ್ಷೆಗಳ ಹೊಣೆ ಆಸ್ಪತ್ರೆಯದಲ್ಲ ಎಂದೂ ಅದರಲ್ಲಿದೆ. ವಿಚಾರಣೆ ಬರುವ ಸೋಮವಾರ.

ತಾವು ನೆಲಮಾಳಿಗೆಗೆ ಇಳಿದು ಬಂದವರಲ್ಲ, ಆದ್ದರಿಂದ ನಮ್ಮ ಕೆಲಸವೇನೆಂದು ನಾನೇ ಹೇಳಬೇಕು. ವಾರ್ಡುಗಳಿಂದ ಹಾಸಿಗೆ ಬಟ್ಟೆ ಗಂಟುಗಟ್ಟಿ ಬರುತ್ತದೆ. ಆ ಗಂಟಿನೊಳಗೆ ಇರಬಾರದ್ದೆಲ್ಲ ಇರುತ್ತದೆ: ಕತ್ತರಿ, ಕನ್ನಡಕ, ಯಾರದೋ ಕಟ್ಟಿಸಿದ ಹಲ್ಲು, ಸೂಜಿ. ಇಪ್ಪತ್ತೆರಡು ವರ್ಷಗಳ ಹಿಂದೆ ನನಗೆ ಕೆಲಸ ಕಲಿಸಿದ ಹಿರಿಯಳನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ತಿಂಗಳುಗಟ್ಟಲೆ ಅವಳು ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಳು, ಗಂಟು ಮುಟ್ಟಗೊಡಲಿಲ್ಲ. “ಮೊದ್ಲು ಕಿವಿ ಕಲೀಲಿ ಕಣೇ, ಕೈ ಆಮೇಲೆ ಕಲಿಯುತ್ತೆ” ಎನ್ನುತ್ತಿದ್ದಳು. ಗಂಟನ್ನು ನಾಲ್ಕು ಮೂಲೆ ಹಿಡಿದೆತ್ತಿ ತಗಡಿನ ಮೇಜಿನ ಮೇಲೆ ಒಮ್ಮೆ ಕುಕ್ಕಬೇಕು. ಒಳಗೆ ಲೋಹವಿದ್ದರೆ ಸಣ್ಣಗೆ ಸದ್ದಾಗುತ್ತದೆ. ಸದ್ದಾಗದಿದ್ದರೂ ಹೊರಗಿನಿಂದ ಒಂದೊಂದೇ ಪದರ ಬಿಡಿಸಬೇಕು. ಕೈಗವಸು ಎಷ್ಟೇ ದಪ್ಪಗಿದ್ದರೂ ನಡುವಿಗೆ ಕೈ ತೂರಿಸಬಾರದು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುವುದನ್ನು ನಾನು ಕಲಿತದ್ದು ಆ ಮೇಜಿನ ಮುಂದೆ.

ಹೀಗೆ ಹೊಸಬರೆಲ್ಲ ತಿಂಗಳುಗಟ್ಟಲೆ ಹಳಬರ ಪಕ್ಕ ನಿಂತು ಕಲಿಯುವುದನ್ನು ತಾವು ‘ಉತ್ಪಾದಕತೆಗೆ ಮಾರಕ’ ಎಂದು ರದ್ದು ಮಾಡಿದಿರಿ. ಬದಲಿಗೆ ನಮ್ಮ ಮೊಬೈಲುಗಳೊಳಗೆ ಜೇನಿನಂಥ ದನಿಯ ಶಿಕ್ಷಕಿಯೊಬ್ಬಳು ಬಂದಳು. ಅವಳ ವಿಡಿಯೋದಲ್ಲಿ ಬಿಳಿ ಕೈಗವಸಿನ ಕೈಗಳು ಆಗಲೇ ತೊಳೆದ ಬಟ್ಟೆಯನ್ನು ಮಡಿಸುತ್ತವೆ. ಗಂಟಿನೊಳಗೆ ಸೂಜಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ನಾನೇ ಕೇಳಿದೆ. “ಬಹಳ ಒಳ್ಳೆಯ ಪ್ರಶ್ನೆ! ಬಳಸಿದ ಸೂಜಿಗಳನ್ನು ವಾರ್ಡಿನಲ್ಲೇ ಪ್ರತ್ಯೇಕ ಡಬ್ಬಿಗೆ ಹಾಕುವುದರಿಂದ ಅವು ಬಟ್ಟೆಯಲ್ಲಿ ಇರುವುದಿಲ್ಲ” ಎಂದಳು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ ಸ್ವಾಮಿ. ಅದಕ್ಕೆ ಉಣಿಸಿದ್ದನ್ನು ಅದು ಒಪ್ಪಿಸಿತು. ಉಣಿಸುವ ಮುನ್ನ ನಮ್ಮಲ್ಲಿ ಒಬ್ಬಳನ್ನಾದರೂ ಕೇಳಿದಿರಾ? ನಿಯಮ ಬರೆದಿಟ್ಟ ಮಾತ್ರಕ್ಕೆ ಸೂಜಿಗಳು ತಾವಾಗಿಯೇ ನಡೆದು ಡಬ್ಬಿಗೆ ಹೋಗುತ್ತವೆಯೇ?

ಸೂಜಿ ಚುಚ್ಚಿದ ದಿನ ಹುಡುಗಿ ಅಂಗೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಳು. “ಕೈಗವಸು ಹಾಕಿದ್ದೆ ಚಿಕ್ಕಮ್ಮ, ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡ್ದೆ” ಎಂದಷ್ಟೇ ಹೇಳಿದಳು. ಅವಳಿಗೆ ಎರಡು ವರ್ಷದ ಮಗಳಿದ್ದಾಳೆ. ಮಗುವನ್ನು ಎತ್ತಿಕೊಂಡರೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ನಾನೂ ಹೇಳಿದ್ದೇನೆ. ಭಯ ಯಾರ ಮಾತು ಕೇಳುತ್ತದೆ? ತಟ್ಟೆ ಬೇರೆ ಮಾಡಿಕೊಂಡಿದ್ದಾಳೆ, ಹಾಸಿಗೆ ಬೇರೆ ಮಾಡಿಕೊಂಡಿದ್ದಾಳೆ. ಮಗು ಎತ್ತಿಕೋ ಎಂದು ಕೈ ಚಾಚಿದರೆ ಗಂಡನನ್ನು ಕೂಗುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಇನ್ನು ಆ ತೊಂಬತ್ತಾರು ಅಂಕಗಳ ವಿಷಯ. ಅವು ಅವಳವಲ್ಲ, ನನ್ನವು. ತರಬೇತಿಗೆಂದು ತಾವು ಕೆಲಸದ ಸಮಯದಲ್ಲಿ ಒಂದು ನಿಮಿಷವನ್ನೂ ಬಿಡಲಿಲ್ಲ. ಮುಗಿಸದವರ ಹೆಸರನ್ನು ಮಾತ್ರ ಗೋಡೆಗೆ ಅಂಟಿಸಿದಿರಿ. ಹಾಗಾಗಿ ಚಹಾದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಹನ್ನೊಂದು ಮೊಬೈಲು ಸಾಲಾಗಿಟ್ಟುಕೊಂಡು, ಬೆರಳು ಚುರುಕಾಗಿರುವ ನಾನು ಎಲ್ಲರ ಪರೀಕ್ಷೆಯನ್ನೂ ಬರೆದೆ. ಅನುಮಾನ ಬಾರದಿರಲೆಂದು ಅಲ್ಲೊಂದು ಇಲ್ಲೊಂದು ತಪ್ಪು ಉತ್ತರವನ್ನೂ ಕೊಟ್ಟೆ. ತಮ್ಮ ಶಿಕ್ಷಕಿ ಹನ್ನೊಂದು ಸಲವೂ “ನಿಮ್ಮ ಕಲಿಕೆಯ ಶೈಲಿ ವಿಶಿಷ್ಟವಾಗಿದೆ” ಎಂದು ಹೊಗಳಿದಳು. ನಾವು ಬಿದ್ದು ಬಿದ್ದು ನಕ್ಕೆವು. “ಇದೆಲ್ಲ ನನಗೆ ಬಿಡು, ನಿಜವಾದ ಕೆಲಸ ಪಕ್ಕದಲ್ಲಿ ನಿಂತು ನಾನು ಹೇಳ್ಕೊಡ್ತೀನಿ” ಎಂದು ಅವಳಿಗೆ ಹೇಳಿದೆ.

ಆದರೆ ಅಂಕ ನೋಡಿ ಕೆಲಸ ಹಂಚುವುದೂ ಅದೇ ಯಂತ್ರ ಎಂಬುದು ನನಗೆ ಗೊತ್ತಿರಲಿಲ್ಲ. ಎಂಬತ್ತಕ್ಕಿಂತ ಕಡಿಮೆ ಬಂದವರನ್ನು ಮಾತ್ರ ಈಗಲೂ ಎರಡು ವಾರ ಹಿರಿಯರ ಪಕ್ಕ ನಿಲ್ಲಿಸುತ್ತಾರಂತೆ. ಹೆಚ್ಚು ಬಂದವರು ಪರಿಣತರಂತೆ, ಅವರನ್ನು ಒಬ್ಬರನ್ನೇ ಮೇಜಿಗೆ ಬಿಡುತ್ತಾರಂತೆ. ನಾನು ಹೇಳಿಕೊಡುವ ಮೊದಲೇ ಅವಳನ್ನೂ ಹಾಗೇ ಬಿಟ್ಟರು. ಇದನ್ನು ನಾನು ಓದಿದ್ದು ತಮ್ಮ ವರದಿಯ ಮೂರನೇ ಪುಟದಲ್ಲಿ. ನಾನು ಇನ್ನೊಂದಿಷ್ಟು ತಪ್ಪು ಉತ್ತರ ಒತ್ತಿದ್ದರೆ ಆ ದಿನ ಅವಳು ನನ್ನ ಪಕ್ಕದಲ್ಲಿ ಇರುತ್ತಿದ್ದಳು. ಈ ಸಂಕಟ ನನ್ನನ್ನು ಸಾಯುವವರೆಗೂ ಬಿಡುವುದಿಲ್ಲ. ತಮ್ಮ ಪಾಲಿನ ಸಂಕಟವನ್ನು ಯಾವ ಯಂತ್ರಕ್ಕೆ ವಹಿಸಿದ್ದೀರಿ?

ನನ್ನ ಮೇಲೆ ಯಾವ ಕ್ರಮ ಬೇಕಾದರೂ ಕೈಗೊಳ್ಳಿ. ಆದರೆ ಅವಳಿಗೆ ಕೊಟ್ಟ ನೋಟಿಸನ್ನು ಹಿಂಪಡೆಯಿರಿ, ಕೊನೆಯ ರಕ್ತಪರೀಕ್ಷೆಯವರೆಗೂ ಹೊಣೆ ಹೊರಿರಿ, ಹೊಸಬರನ್ನೆಲ್ಲ ಹಳಬರ ಪಕ್ಕ ನಿಲ್ಲಿಸಿ. ವರದಿಯಲ್ಲಿ ‘ತರಬೇತಿ ಪೂರೈಸಿರುತ್ತಾರೆ’ ಎಂಬ ಸಾಲನ್ನು ಹೊಡೆದುಹಾಕಿ. ನೋಟಿಸಿಗೆ ಅವಳು ಕೊಟ್ಟ ಉತ್ತರವನ್ನು ನಿನ್ನೆ ಓದಿದೆ. ‘ಪರೀಕ್ಷೆಯನ್ನು ನಾನೇ ಬರೆದೆ, ತಪ್ಪು ನನ್ನದೇ’ ಎಂದಿದೆ. ಯಾಕೆ ಹೀಗೆ ಬರೆದೆ ಎಂದು ಬೈದರೆ, “ನನ್ನ ಕೆಲಸ ಹೇಗೂ ಹೋಗುತ್ತೆ, ನಿನ್ನದಾದ್ರೂ ಉಳೀಲಿ ಚಿಕ್ಕಮ್ಮ” ಎಂದಳು. ಸೋಮವಾರ ಆ ಮಾತನ್ನು ಅವಳು ತಮ್ಮ ಮುಂದೆ ಹೇಳುವ ಮೊದಲು ನನ್ನನ್ನು ಒಳಗೆ ಕರೆಯಿರಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಇಂತಿ,
ಹನ್ನೊಂದು ಹೆಸರಿನಲ್ಲಿ ಪಾಸಾಗಿಯೂ
ಮನೆಯ ಹುಡುಗಿಗೆ ಕೆಲಸ ಕಲಿಸಲಾಗದ
ಲಾಂಡ್ರಿಯವಳು