ಓಬ್ರೆಯ ಕೆನ್ನೆಗೆ ಬಿದ್ದ ಏಟು

ನವೆಂಬರ್ ೧೪, ಗುರುವಾರ. ಕೂತಾನ್ಸ್.

ಒಡಿಲ್ ಗೆದ್ದಳು. ಬರೆದರಾದರೂ ಹೊಟ್ಟೆಯುರಿ ಆರೀತೇನೋ.

ಒಂಬೈನೂರು ವರ್ಷದ ಹಿಂದಿನ ನಾರ್ಮನ್ ದೊರೆಸಾನಿ ಓಬ್ರೆ ಯಾರ ಮಗಳು ಎಂದು ಏಳು ವರ್ಷದಿಂದ ಹುಡುಕುತ್ತಿರುವವಳು ನಾನು. ಒಡಿಲ್ ನಮ್ಮ ವಂಶಾವಳಿ ಸಂಘಕ್ಕೆ ಸೇರಿದ್ದೇ ಈ ಈಸ್ಟರ್ ಕಳೆದ ಮೇಲೆ. ಇವತ್ತಿನ ಸಭೆಯಲ್ಲಿ ಅವಳು ಮಠದ ಹಳೆಯ ದಾನಪತ್ರದಿಂದ ಒಂದು ಸಾಲು ಓದಿದಳು. ದೊರೆಯೊಬ್ಬ ಮಠಕ್ಕೆ ಗಿರಣಿ ದಾನ ಕೊಟ್ಟಾಗ ಪುಟ್ಟ ಓಬ್ರೆಯ ಕೆನ್ನೆಗೆ ಬಾರಿಸಿದರಂತೆ.

ಆ ಸಾಲು ನನಗೆ ಬಾಯಿಪಾಠ. "ಅದು ಅದೇ ಹೆಸರಿನ ಯಾವಳೋ ಕೆಲಸದ ಹುಡುಗಿ ಕಣೆ. ದೊರೆ ಮಗಳಿಗೆ ಯಾರಾದ್ರೂ ಹೊಡೀತಾರಾ?" ಎಂದೆ.

"ಮಗಳಿಗೇ ಹೊಡಿಯೋದು, ಮಾರ್ಸೆಲಿನ್! ದಾನ ಕೊಟ್ಟಿದ್ದು ಸಾಯೋ ತನಕ ನೆನಪಿರ್ಲಿ ಅಂತ. ನಾಳೆ ಗಿರಣಿ ನಂದು ಅಂತ ಜಗಳಕ್ಕೆ ಬರೋರು ಮನೆ ಮಕ್ಕಳೇ ತಾನೆ? ಹೊಲದ ಗಡಿಕಲ್ಲು ತೋರಿಸಿ ನಮ್ಮಜ್ಜ ನಂಗೂ ಒಂದು ಬಿಟ್ಟಿದ್ರು."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವಳು ಮಾಡಿ ತಂದಿದ್ದ ಸೇಬಿನ ಟಾರ್ಟ್ ಕೂಡ ಚೆನ್ನಾಗಿತ್ತು, ದರಿದ್ರದ್ದು.

ಏಳು ವರ್ಷ ಓಬ್ರೆಯನ್ನು ಅನಾಥ ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದೆ. ಇವತ್ತು ಅವಳಿಗೆ ಅಪ್ಪ ಸಿಕ್ಕಿದ. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ. ಬೇರೆ ಯಾರಾದರೂ ಹುಡುಕಿದ್ದರೆ ಆಗುತ್ತಿತ್ತೇನೋ. ಇಲ್ಲ, ಆಗಲೂ ಆಗುತ್ತಿರಲಿಲ್ಲ.

ಹೊರಡುವಾಗ ಒಡಿಲ್ ಎಂದಿನಂತೆ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮುಖ ತೊಳೆದು ಬಂದರೂ ಇನ್ನೂ ಉರಿಯುತ್ತಿದೆ. ಈ ಗುರುವಾರವನ್ನು ನಾನು ಸಾಯುವ ತನಕ ಮರೆಯಲಾರೆ.