ಗೋಡೆಯ ಮೇಲೆ ಕುಣಿಯುವವರು

ಡೊಂಬಿವಲಿ, ಸೋಮವಾರ

ಸೊಸೈಟಿ ಸೆಕ್ರೆಟರಿ ಮುರಾರಿಯಣ್ಣನಿಗೆ ಗಾರ್ಡನ್ನಿನ ಕೆಳಗಿನ ಮನೆಯ ಜಯಲತಾ ಬರೆಯುವುದು.

ಗಾರ್ಡನ್ನಿನ ಮಣ್ಣು ತಡೆಯುವ ಗೋಡೆ ಈಗ ಚಂದ ಕಾಣುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಬರೆಸಿದ ವಾರ್ಲಿ ಚಿತ್ರದ ಮೇಲೆ ನೀರಿನ ಕಲೆ ಬೀಳುತ್ತದೆಂದು, ನೀರು ಇಳಿಯುವ ತೂತುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದಿರಿ. ಮಳೆ ಹಿಡಿದಂದಿನಿಂದ ಒಂದು ಹನಿಯೂ ಹೊರಬಂದಿಲ್ಲ, ನೀರೆಲ್ಲ ಗೋಡೆಯ ಹಿಂದಿನ ಮಣ್ಣಲ್ಲೇ ನಿಂತಿದೆ. ಗೋಡೆಯ ಮೇಲಿನ ಹೊಸ ಬೇಲಿ ನಮ್ಮ ಕಿಟಕಿಯತ್ತ ವಾಲಿದೆ.

ಫೋನ್ ಮಾಡಿದರೆ, “ಈಗಷ್ಟೇ ಪೇಂಟ್ ಆದದ್ದು ಮಾರಾಯ್ತಿ, ಮೀಟಿಂಗ್ ಆಗಲಿ” ಎಂದಿರಿ. ಆಮೇಲೆ ಎತ್ತಲಿಲ್ಲ. ಅದಕ್ಕೇ ವಾಚ್‌ಮನ್ ಕೈಲಿ ಈ ಪತ್ರ.

ಅತ್ತೆಯ ಮಂಚ ಇರುವುದು ಆ ಕಿಟಕಿಯ ಪಕ್ಕದಲ್ಲೇ. ಆಕ್ಸಿಜನ್ ಹಚ್ಚಿದವರನ್ನು ನಾನೊಬ್ಬಳೇ ಎತ್ತಲಾರೆ. ದಯವಿಟ್ಟು ಈಗಲೇ ನಾಲ್ಕು ಜನರನ್ನು ಕಳಿಸಿ. ತೂತುಗಳನ್ನೂ ಒಡೆಸಿ.

ಚಿತ್ರದಲ್ಲಿ ಕೈ ಕೈ ಹಿಡಿದು ಕುಣಿಯುವವರಿದ್ದಾರಲ್ಲ, ಬೆಳಿಗ್ಗೆ ನೋಡಿದರೆ ಅವರ ಕೈ ಬಿಟ್ಟುಹೋಗಿತ್ತು. ಈಗ ಆ ಬಿರುಕಿನೊಳಗೆ ನನ್ನ ಕೈ ಹೋಗುತ್ತದೆ.

ಬಾಗಿಲು ತೆರೆದಿಟ್ಟು ಕಾಯುತ್ತಿರುವ,
ಜಯಲತಾ