ಅಂಗೈ ಪರೀಕ್ಷೆ

ಬ್ಲೈನೈ,
ಮಾರ್ಚ್ 4, ಸೋಮವಾರ

ಪ್ರೀತಿಯ ತಮ್ಮ ಇಫಾನನಿಗೆ,

ನೀನೂ ಮರಿಯೆಲಾಳೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯಲು ಕೂತಿದ್ದೇನೆ. ಕ್ರಿಸ್‌ಮಸ್‌ಗೆ ಬಂದ ನಿನ್ನ ಕಾಗದಕ್ಕೆ ಮಾರ್ಚಿನಲ್ಲಿ ಉತ್ತರ ಬರೆಯುವ ಅಕ್ಕನನ್ನು ಬೈಯುವುದಿದ್ದರೆ ಬೈದುಕೋ, ಆದರೆ ಪೂರ್ತಿ ಓದಿ ಆಮೇಲೆ ಬೈ. ಫೋನ್ ಮಾಡಬಹುದಿತ್ತು, ನಿಜ. ಫೋನಿನಲ್ಲಾದರೆ ನೀನು ನನ್ನ ಅರ್ಧ ಮಾತಿಗೇ ನಗಲು ಶುರುಮಾಡುತ್ತೀ, ನನಗೆ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಆ ಪ್ಯಾಟಗೋನಿಯಾದ ಚಹಾದಂಗಡಿಯಲ್ಲಿ ಗಿರಾಕಿಗಳನ್ನು ಸ್ವಲ್ಪ ಕಾಯಲು ಹೇಳಿ, ಒಂದು ಕಡೆ ಕೂತು ಓದು.

ಪಾಸಾದೆ ಕಣೋ.

ಸರ್ಕಾರದ ದುಡ್ಡಿನಲ್ಲಿ ಮನೆಗಳನ್ನು ಬೆಚ್ಚಗೆ ಮಾಡುವ ಯೋಜನೆ ಇದೆಯಲ್ಲ, ಅದರ ಕೆಲಸ ಮಾಡಲು ನಮ್ಮ ಬಾಯ್ಲರ್ ಅಂಗಡಿ ಯೋಗ್ಯ ಎಂದು ಸರ್ಟಿಫಿಕೇಟು ಬಂದಿದೆ. ಇಡೀ ಬ್ಲೈನೈಗೆ ಮೊದಲನೆಯದು. ಕೌನ್ಸಿಲ್ಲಿನವರು ಕಲ್ಲುಗಣಿಯ ಕೆಳಗಿನ ಸಾಲಿನ ನೂರಾ ನಲವತ್ತು ಮನೆಗಳಿಂದ ಹಳೆಯ ಗ್ಯಾಸ್ ಬಾಯ್ಲರು ಕಿತ್ತು ಹೀಟ್ ಪಂಪ್ ಹಾಕಿಸುತ್ತಿದ್ದಾರೆ. ಸರ್ಟಿಫಿಕೇಟು ಇಲ್ಲದವರು ಆ ಮನೆಗಳಲ್ಲಿ ಒಂದು ಸ್ಕ್ರೂ ಕೂಡ ತಿರುಗಿಸುವಂತಿಲ್ಲ. ನಾನು ಫೇಲಾಗಿದ್ದರೆ ಗಡಿಯಾಚೆಯಿಂದ ದೊಡ್ಡ ಕಂಪನಿಯವರು ವ್ಯಾನುಗಟ್ಟಲೆ ಜನರನ್ನು ಕರೆತಂದು ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದರು. ಅಪ್ಪ ನಲವತ್ತಾರು ವರ್ಷ ನಡೆಸಿದ ಅಂಗಡಿಗೆ ಬಾಗಿಲು ಹಾಕಿ ನಾನು ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸ ಕೇಳಬೇಕಾಗಿತ್ತು. ಐವತ್ತೆರಡು ವರ್ಷದ ನನ್ನನ್ನು ಅಲ್ಲಿ ಯಾರು ತೆಗೆದುಕೊಳ್ಳುತ್ತಿದ್ದರೋ ಗೊತ್ತಿಲ್ಲ.

ಸೆಪ್ಟೆಂಬರಿನಿಂದ ವಾರಕ್ಕೆ ಎರಡು ದಿನ ಕಾಲೇಜಿಗೆ ಹೋದೆ. ತರಗತಿಯಲ್ಲಿ ಹನ್ನೊಂದು ಜನ ಗಂಡಸರು, ನಾನೊಬ್ಬಳು. ಮೊದಲ ದಿನ ಒಬ್ಬ ಗಡ್ಡದವನು ನನ್ನನ್ನು ನೋಡಿ, "ಚಹಾ ಯಾವಾಗ ಬರುತ್ತೆ?" ಅಂದ. "ನೀನು ತಂದಾಗ," ಅಂದೆ. ಆಮೇಲೆ ಕೋರ್ಸು ಮುಗಿಯುವವರೆಗೂ ಅವನೇ ತಂದುಕೊಟ್ಟ, ಪಾಪ.

ಅಪ್ಪ ಮನೆಗೆ ಬಾಯ್ಲರ್ ಅಳತೆ ಹೇಳುತ್ತಿದ್ದ ರೀತಿ ನಿನಗೆ ನೆನಪಿದೆಯಲ್ಲ? ಬಾಗಿಲಲ್ಲಿ ನಿಂತು, ಟೋಪಿ ಹಿಂದಕ್ಕೆ ಸರಿಸಿ, ಒಮ್ಮೆ ಒಳಗೆ ಕಣ್ಣಾಡಿಸಿ, "ಇಪ್ಪತ್ತು ಕಿಲೋವ್ಯಾಟ್ ಸಾಕು. ಅತ್ತೆ ಇರೋ ಮನೆಯಾದ್ರೆ ಇಪ್ಪತ್ನಾಲ್ಕು ಹಾಕು" ಎನ್ನುತ್ತಿದ್ದರು. ಊರಿನ ಅರ್ಧ ಮನೆಗಳಲ್ಲಿ ಅತ್ತೆಯ ಪಾಲು ಸೇರಿಸಿದ ಬಾಯ್ಲರುಗಳೇ ಇವೆ. ಹೀಟ್ ಪಂಪಿನಲ್ಲಿ ಆ ಆಟ ನಡೆಯುವುದಿಲ್ಲ. ಅದು ಹೊರಗಿನ ಚಳಿಗಾಳಿಯಿಂದಲೇ ಬಿಸಿ ಹೀರಿ ಮನೆಯೊಳಕ್ಕೆ ಕಳಿಸುವ ಪೆಟ್ಟಿಗೆ. ಬೇಕಾದದ್ದಕ್ಕಿಂತ ದೊಡ್ಡದು ಹಾಕಿದರೆ ಕರೆಂಟು ಕುಡಿಯುತ್ತದೆ, ಬೇಗ ಹಾಳಾಗುತ್ತದೆ. ಒಂದೊಂದು ಕೋಣೆಯ ಗೋಡೆ, ಕಿಟಕಿ, ಬಾಗಿಲ ಸಂದು, ಎಲ್ಲ ಅಳೆದು ಎಷ್ಟು ಬಿಸಿ ಸೋರುತ್ತದೆ ಎಂದು ಗುಣಿಸಿ ಭಾಗಿಸಬೇಕು. ಶಾಲೆಯಲ್ಲಿ ಗಣಿತದ ಮೇಷ್ಟ್ರು ನನ್ನ ಬಗ್ಗೆ ಹೇಳಿದ್ದೆಲ್ಲ ಸುಳ್ಳು ಎಂದು ಈಗ ಸಾಬೀತಾಗಿದೆ.

ಅಪ್ಪನಿಗೆ ಇದೆಲ್ಲ ತಮಾಷೆ. ನಾನು ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರವಿಕೊಂಡು ಕೂತರೆ ಹಿಂದೆ ಬಂದು ನಿಲ್ಲುವುದು. "ಏನಮ್ಮಾ, ಮನೆಗೆ ಜಾತಕ ಬರೀತಿದ್ದೀಯಾ?" ಎನ್ನುವುದು. "ಬಾತ್‌ರೂಮಿಗೆ ಗುರುಬಲ ಇದೆಯಂತಾ?" ಎನ್ನುವುದು. ಕೆಲಸ ಬಿಟ್ಟು ಎರಡು ವರ್ಷವಾದರೂ ದಿನಾ ಅಂಗಡಿಗೆ ಬಂದು ಕೂರುತ್ತಿದ್ದರು. ಗಿರಾಕಿಗಳ ಮುಂದೆಯೂ ಅದೇ ಮಾತು. ನನಗೂ ನಗು ಬರುತ್ತಿತ್ತು.

ಸರ್ಟಿಫಿಕೇಟಿನ ಪರೀಕ್ಷಕ ಮೊದಲ ಸಲ ಕಾಗದಪತ್ರ ನೋಡಲು ಬಂದಾಗಲೇ ನಾನು ಎಡವಿದೆ. ಪರೀಕ್ಷಕನ ಹೆಸರು ಡೆಲ್ವಿನ್ ಪ್ರೋಸರ್, ದಕ್ಷಿಣದವನು. ನಮ್ಮ ಮಾತು ಅವನಿಗೆ ಅರ್ಧ ಅರ್ಥವಾಗದು, ಅವನ ಮಾತು ನಮಗೆ. "ನಿಮ್ಮ ದೂರಿನ ಪುಸ್ತಕ ಎಲ್ಲಿದೆ?" ಎಂದು ಕೇಳಿದ. "ನಮ್ಮೂರಿನವರು ದೂರನ್ನ ಪುಸ್ತಕದಲ್ಲಿ ಬರೆಯಲ್ಲ, ಪ್ರಾರ್ಥನೆ ಮುಗಿಸಿ ಚಾಪೆಲ್ ಮೆಟ್ಟಿಲ ಮೇಲೆ ಹಿಡ್ಕೊಂಡು ಬೈತಾರೆ," ಅಂದೆ. ಅವನು ನಗಲಿಲ್ಲ. ಮೂರು ವಾರದಲ್ಲಿ ಪುಸ್ತಕ ಮಾಡಿ ತೋರಿಸಿ ಎಂದು ಹೇಳಿ ಹೋದ. ಮಾಡಿದೆ. ಮೊದಲ ದೂರು ಬರೆದವರು ಅಪ್ಪನೇ: "ಅಂಗಡಿಯಲ್ಲಿ ಬಿಸ್ಕತ್ತು ಮೆತ್ತಗಾಗಿದೆ." ಪ್ರೋಸರ್ ಅದನ್ನೂ ಓದಿ, ಅದಕ್ಕೆ ಏನು ಕ್ರಮ ಕೈಗೊಂಡಿರಿ ಎಂದು ಕೇಳಿದ. ಹೊಸ ಡಬ್ಬಿ ತಂದೆವು ಎಂದು ಬರೆದು ಸಹಿ ಹಾಕಿದೆ.

ಕೊನೆಯ ಪರೀಕ್ಷೆ ನಿಜವಾದ ಮನೆಯಲ್ಲಿ. ನಾವು ಹಾಕಿದ ಪಂಪನ್ನು ಅವನು ಬಂದು ನೋಡಬೇಕು. ಅನ್ನೆಸ್ಟ್ ಆಂಟಿಯ ಮನೆ ಆರಿಸಿದೆ. ಎಂಬತ್ತಮೂರು ವರ್ಷ, ಒಬ್ಬರೇ, ದಪ್ಪ ಕಲ್ಲಿನ ಗೋಡೆ, ಹಿಂದಿನ ಕೋಣೆಯಲ್ಲಿ ಚಳಿಗಾಲದಲ್ಲಿ ಬೆಣ್ಣೆ ಕೂಡ ಕಲ್ಲಾಗುತ್ತಿತ್ತು. ಹತ್ತು ದಿನ ನಾನೂ ಸಿವಾನಳೂ ದುಡಿದೆವು. (ಸಿವಾನ್ ಎಂದರೆ ನನ್ನ ಹತ್ತಿರ ಈಗ ಕೆಲಸ ಮಾಡುವ ಪೈಪಿನ ಹುಡುಗಿ. ಬೆಸುಗೆ ಹಾಕುವುದರಲ್ಲಿ ನಿನಗಿಂತ ಮೇಲು, ನನಗೆ ಸಮ.) ಪಂಪಿನಿಂದ ಕೋಣೆಗಳ ರೇಡಿಯೇಟರಿಗೆ ಹೋಗುವ ಬಿಸಿನೀರು ನಲವತ್ತೈದು ಡಿಗ್ರಿಯಲ್ಲಿರಬೇಕು ಎಂದು ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಿಸಿದೆ. ಇಪ್ಪತ್ನಾಲ್ಕು ಗಂಟೆ ಮೆಲ್ಲಗೆ ಓಡುತ್ತಿದ್ದರೆ ಮನೆಯೆಲ್ಲ ಒಂದೇ ಸಮ ಬೆಚ್ಚಗಿರುತ್ತದೆ. ಒಂದು ವಾರ ಕಳೆದ ಮೇಲೆ ಆಂಟಿ ಸ್ವೆಟರ್ ಬಿಚ್ಚಿ ಕೂತದ್ದನ್ನು ನಾನು ಕಣ್ಣಾರೆ ನೋಡಿದೆ. "ಮಾರ್ಗೆಡ್, ನಾನು ಈ ಮನೇಲಿ ಫೆಬ್ರವರೀಲಿ ನನ್ನ ಮೊಣಕೈ ನೋಡಿ ಅರವತ್ತು ವರ್ಷ ಆಗಿತ್ತು," ಅಂದರು.

ಇನ್ನು ಮುಖ್ಯ ದಿನದ ಕತೆ ಕೇಳು.

ಅಪ್ಪನ ಅಂಗೈ ಪರೀಕ್ಷೆ ನಿನಗೆ ಗೊತ್ತು. ಆ ಕಾಲದ ಎಲ್ಲ ಮೇಸ್ತ್ರಿಗಳದ್ದೂ ಅದೇ. ರೇಡಿಯೇಟರಿಗೆ ಅಂಗೈ ಒತ್ತಿ ಎಣಿಸಬೇಕು. ಮೂರಕ್ಕೆ ಕೈ ಕಿತ್ತುಕೊಂಡರೆ ಕೆಲಸ ಸರಿಯಾಗಿದೆ. ಐದರವರೆಗೆ ಇಟ್ಟುಕೊಳ್ಳಲಾದರೆ ಎಲ್ಲೋ ತಪ್ಪಾಗಿದೆ. ಹೀಟ್ ಪಂಪಿನ ರೇಡಿಯೇಟರಿನ ಮೇಲೆ ನೀನು ಐನೂರು ಎಣಿಸು, ಕೈ ಸುಡುವುದಿಲ್ಲ. ಉಗುರು ಬೆಚ್ಚಗಿರುವುದೇ ಅದರ ಗುಣ. ಇದನ್ನು ಅಪ್ಪನಿಗೆ ನಾನು ಕನಿಷ್ಠ ಇಪ್ಪತ್ತು ಸಲ ಹೇಳಿದ್ದೇನೆ. ಹೂಂ ಹೂಂ ಎನ್ನುತ್ತಿದ್ದರು.

ಪರೀಕ್ಷೆಯ ಬೆಳಿಗ್ಗೆ ನಾನು ಪ್ರೋಸರನನ್ನು ಸ್ಟೇಷನ್ನಿನಿಂದ ಕರೆತರಲು ಹೋದೆ. ಆ ಹೊತ್ತಿಗೆ ಅಪ್ಪ ಆಂಟಿಯ ಮನೆಗೆ ಹೋಗಿದ್ದಾರೆ. ಒಂದೊಂದೇ ರೇಡಿಯೇಟರಿಗೆ ಕೈಯಿಟ್ಟು ಎಣಿಸಿದ್ದಾರೆ. ಐದಾಯಿತು, ಹತ್ತಾಯಿತು, ಇಪ್ಪತ್ತಾಯಿತು. "ಅಯ್ಯೋ, ನನ್ನ ಮಗಳು ಇವತ್ತು ಎಲ್ಲರ ಮುಂದೆ ಫೇಲಾಗ್ತಾಳೆ, ಇದು ತಣ್ಣಗಿದೆ," ಅಂದರಂತೆ. ನನ್ನನ್ನು ಕಾಪಾಡಬೇಕು ಎಂದು ಗುಂಡಿ ಒತ್ತಿ ಒತ್ತಿ ಅರವತ್ತೈದಕ್ಕೆ ಏರಿಸಿದರಂತೆ.

ನಾವು ಬಾಗಿಲು ತೆರೆದ ಕೂಡಲೇ ಮುಖಕ್ಕೆ ರಪ್ಪನೆ ಶೆಕೆ ಹೊಡೆಯಿತು. ಆಂಟಿ ತೋಳಿಲ್ಲದ ಅಂಗಿಯಲ್ಲಿ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅಪ್ಪ ಹಿಂದಿನ ಬಾಗಿಲ ಹತ್ತಿರ ಒಳ್ಳೆಯ ಕೋಟು ಹಾಕಿಕೊಂಡು ನಿಂತು ನನಗೆ ಕಣ್ಣು ಹೊಡೆದರು. ಯಾರ ಕೆಲಸ ಎಂದು ನನಗೆ ಆಗಲೇ ಗೊತ್ತಾಯಿತು. ಪ್ರೋಸರ್ ನೇರವಾಗಿ ಪಂಪಿನ ಪರದೆ ನೋಡಿದ, ಕೈಯಲ್ಲಿದ್ದ ನನ್ನ ಲೆಕ್ಕದ ಹಾಳೆ ನೋಡಿದ.

"ಇಲ್ಲಿ ನಲವತ್ತೈದು ಅಂತ ಬರೆದಿದ್ದೀರಿ, ಅಲ್ಲಿ ಅರವತ್ತೈದು ಇದೆ. ಯಾರು ಬದಲಾಯಿಸಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಆಂಟಿ, "ನಾನೇ ಕಣಪ್ಪ. ನನಗೆ ಕೈಕಾಲು ತಣ್ಣಗಾಗಿತ್ತು, ತಿರುಗಿಸಿಬಿಟ್ಟೆ," ಅಂದರು. ಬೆವರು ಒರೆಸಿಕೊಳ್ಳುತ್ತಾ ಹೇಳಿದರು ನೋಡು. ನಮ್ಮನ್ನು ಉಳಿಸಲು ಹೇಳಿದ ಆ ಸುಳ್ಳೇ ನಮ್ಮ ಕುತ್ತಿಗೆಗೆ ಬಂತು. ಪ್ರೋಸರ್ ಪೆನ್ನು ತೆಗೆದ. "ಅಂದ್ರೆ ಮನೆಯವರಿಗೆ ಇದನ್ನು ಬಳಸೋದು ಸರಿಯಾಗಿ ಹೇಳಿಕೊಟ್ಟಿಲ್ಲ. ಇದು ದೊಡ್ಡ ತಪ್ಪು ಮೇಡಂ. ಇದೊಂದಕ್ಕೇ ಫೇಲು ಮಾಡಬೇಕಾಗುತ್ತೆ," ಎಂದು ಬರೆಯತೊಡಗಿದ. ಆರು ತಿಂಗಳ ದುಡಿಮೆ, ನೂರಾ ನಲವತ್ತು ಮನೆ, ಸಿವಾನಳ ಕೆಲಸ, ಎಲ್ಲ ಆ ಪೆನ್ನಿನ ತುದಿಯಲ್ಲಿತ್ತು.

ನಾನು ನಡೆದದ್ದನ್ನು ಹೇಳಿದೆ. ಅವನು ಒಂದೆರಡು ಪ್ರಶ್ನೆ ಕೇಳಿದ, ಉತ್ತರ ಕೊಟ್ಟೆ. ಬರೆದದ್ದನ್ನು ಹೊಡೆದುಹಾಕಿದ. "ಸರಿ, ಹಾಗಾದ್ರೆ ಮೇಡಂ, ನಿಮ್ಮ ನಲವತ್ತೈದು ಸಾಕಾಗುತ್ತೆ ಅಂತ ತೋರಿಸಿ," ಅಂದ. ಪಂಪನ್ನು ವಾಪಸು ಇಳಿಸಿದೆ, ಕಿಟಕಿಗಳನ್ನು ತೆರೆದು ಆ ಶೆಕೆಯನ್ನೆಲ್ಲ ಹೊರಗೆ ಹಾಕಿ ಮುಚ್ಚಿದೆ. ಮೂರು ಗಂಟೆ ಕಾಲ ನಾನೂ ಸಿವಾನಳೂ ಪ್ರೋಸರನೂ ಅಡುಗೆಮನೆಯಲ್ಲಿ ಕೂತು ಆಂಟಿ ಮಾಡಿದ ಕುರಿಮಾಂಸದ ಸಾರು ಕುಡಿದೆವು. ಹೊರಗೆ ಎರಡು ಡಿಗ್ರಿ. ಆಮೇಲೆ ಅವನು ಥರ್ಮಾಮೀಟರ್ ಹಿಡಿದು ಕೋಣೆ ಕೋಣೆಗೆ ಹೋದ. ಮುಂದಿನ ಕೋಣೆ ಇಪ್ಪತ್ತೊಂದು. ಮಲಗುವ ಕೋಣೆ ಹದಿನೆಂಟು. ಆ ಬೆಣ್ಣೆ ಕಲ್ಲಾಗುತ್ತಿದ್ದ ಹಿಂದಿನ ಕೋಣೆಯೂ ಹದಿನೆಂಟು. ನನ್ನ ಹಾಳೆಯಲ್ಲಿ ಇದ್ದದ್ದೂ ಅದೇ, ಒಂದು ಕೂಡ ಹೆಚ್ಚುಕಡಿಮೆ ಇಲ್ಲ. ಅವನು ಹಾಳೆಯನ್ನು ಇನ್ನೊಂದು ಸಲ ನೋಡಿ, "ಈ ವರ್ಷ ನಾನು ನೋಡಿದ್ರಲ್ಲಿ ಇದೇ ಒಳ್ಳೆ ಲೆಕ್ಕ," ಅಂದ. ನಗಲಾರದ ಮನುಷ್ಯ ನಕ್ಕದ್ದನ್ನು ಅಂದು ನೋಡಿದೆ. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದೆ. ಸಿವಾನ್ ಹೊರಗಿನಿಂದ, "ಅಕ್ಕಾ, ಪೈಪು ಅಲ್ಲಾಡ್ತಿದೆ," ಎಂದು ಕೂಗಿದಳು.

ಸರ್ಟಿಫಿಕೇಟು ಕಳೆದ ಮಂಗಳವಾರ ಅಂಚೆಯಲ್ಲಿ ಬಂತು. ಬುಧವಾರ ಕೌನ್ಸಿಲ್ಲಿನಿಂದ ಮೊದಲ ನಲವತ್ತು ಮನೆಗಳ ಪಟ್ಟಿ ಬಂತು. ಕಾಯರ್ ಹಾಡಿನ ಅಭ್ಯಾಸಕ್ಕೆ ಹೋದರೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮೂರು ಗೊತ್ತಲ್ಲ, ಕಸುಬನ್ನು ಹೆಸರಿಗೆ ಅಂಟಿಸದೆ ಬಿಡುವುದಿಲ್ಲ. ಅಪ್ಪ ಊರಿಗೆಲ್ಲ ಟುಡೂರ್ ಬಾಯ್ಲರ್; ಇಷ್ಟು ದಿನ ನಾನು ಟುಡೂರ್ ಬಾಯ್ಲರಿನ ಮಗಳಾಗಿದ್ದೆ, ಈಗ ಮಾರ್ಗೆಡ್ ಪಂಪ್ ಆಗಿದ್ದೇನೆ. ಪಿಯಾನೋ ಬಾರಿಸುವ ಹವೆಲ್ ಅಂತೂ, "ಪಂಪಮ್ಮಾ, ಸ್ವಲ್ಪ ಮೇಲಿನ ಸ್ಥಾಯಿಗೆ ಪಂಪ್ ಮಾಡು," ಎಂದು ರೇಗಿಸಿದ. ನನಗೆ ಒಂದು ಚೂರೂ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಆ ಹೆಸರನ್ನು ವ್ಯಾನಿನ ಮೇಲೆ ಬರೆಸೋಣ ಎನಿಸುವಷ್ಟು ಖುಷಿಯಾಯಿತು. ಇನ್ನಿಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ತರಗತಿಯ ಆ ಗಡ್ಡದವನೂ ಅರ್ಜಿ ಹಾಕಿದ್ದಾನೆ. ಚಹಾ ಮಾಡಲು ಬರುತ್ತದೆ, ತೆಗೆದುಕೊಳ್ಳಬಹುದು.

ಬರುವ ಬೇಸಿಗೆಗೆ ಮಕ್ಕಳನ್ನು ಕರೆದುಕೊಂಡು ಬಾ. ಟಿಕೆಟ್ಟು ದುಬಾರಿ ಎಂದು ನೆಪ ಹೇಳಬೇಡ. ಮರಿಯೆಲಾಗೆ ನನ್ನ ಪ್ರೀತಿ ತಿಳಿಸು. ಚಿಕ್ಕವಳು ಕಳಿಸಿದ ಕುದುರೆಯ ಚಿತ್ರ ಅಂಗಡಿಯ ಗೋಡೆಯ ಮೇಲಿದೆ, ಬಂದವರೆಲ್ಲ ನಾಯಿ ಎನ್ನುತ್ತಾರೆ, ಅವಳಿಗೆ ಹೇಳಬೇಡ. ನಿಮ್ಮ ಮನೆ ತುಂಬಿರಲಿ, ನಿಮ್ಮೆಲ್ಲರ ಆರೋಗ್ಯ ಗಟ್ಟಿಯಾಗಿರಲಿ, ನನ್ನಂಥ ಅಕ್ಕ ಇರುವವರೆಗೆ ನಿನಗೆ ಯಾವ ಕೊರತೆಯೂ ಬಾರದಿರಲಿ.

ನಿನ್ನ ಅಕ್ಕ,
ಮಾರ್ಗೆಡ್

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಕೈ ಬರುತ್ತಿರಲಿಲ್ಲ. ಪ್ರೋಸರ್ ಕೇಳಿದ ಒಂದೆರಡು ಪ್ರಶ್ನೆ ಎಂದೆನಲ್ಲ. ಅಪ್ಪನನ್ನು ತೋರಿಸಿ, "ಅವರು ನಿಮ್ಮ ಕಂಪನಿಯವರಾ?" ಎಂದು ಕೇಳಿದ. ಹೌದು ಎಂದಿದ್ದರೆ ನಮ್ಮವರಿಗೇ ಕೆಲಸ ಬಾರದು ಎಂದಾಗಿ ಅಲ್ಲಿಗೇ ಮುಗಿಯುತ್ತಿತ್ತು. "ಅಲ್ಲ," ಅಂದೆ. ಅಷ್ಟಕ್ಕೆ ಬಿಡಬಹುದಿತ್ತು. "ನನ್ನ ತಂದೆ. ವಯಸ್ಸಾಗಿದೆ. ಅವರಿಗೆ ಈ ಕೆಲಸ ಗೊತ್ತಿಲ್ಲ," ಅಂದೆ. ಅಪ್ಪ ಎರಡು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡರು. ಸಾರು ಕುಡಿಯಲು ನಿಲ್ಲಲಿಲ್ಲ. ಮನೆಗೆ ಬಂದರೆ ಅಂಗಡಿಯ ಬೀಗದ ಕೈ ನನ್ನ ತಟ್ಟೆಯ ಪಕ್ಕದಲ್ಲಿತ್ತು. ಅಂದಿನಿಂದ ಅತ್ತ ಕಾಲಿಟ್ಟಿಲ್ಲ. ಊಟಕ್ಕೆ ಕರೆದರೆ ಬರುತ್ತಾರೆ, ಉಪ್ಪು ಕೊಡು ಎನ್ನುತ್ತಾರೆ. ಸರ್ಟಿಫಿಕೇಟನ್ನು ಮುಂದಿಟ್ಟೆ, ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು, ಮಡಚಿ ವಾಪಸು ಕೊಟ್ಟರು. ನಿನ್ನೆ ಭಾನುವಾರ ಬಾಗಿಲು ಹಾಕಿಕೊಂಡು ನಿನ್ನೊಡನೆ ಮುಕ್ಕಾಲು ಗಂಟೆ ಫೋನಿನಲ್ಲಿ ಮಾತಾಡಿದರು. ಏನು ಹೇಳಿದರು, ಇಫಾನ್? ಒಂದಕ್ಷರ ಬಿಡದೆ ಬರೆ. ಬೈದಿದ್ದರೆ ಬೈದದ್ದನ್ನೇ ಬರೆ. ಹೊಗಳಿದ್ದರೆ ಮಾತ್ರ, ನನ್ನ ಸಮಾಧಾನಕ್ಕೆಂದು ನೀನೇ ಒಂದು ಮಾತು ಸೇರಿಸಬೇಡ.